ಉಳುಕಿಗೆ ಹಚ್ಚಿದ ಬ್ರಾಂಡಿ

ಕಳೆದ ಭಾನುವಾರ ಬೆಳಿಗ್ಗೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬ ಉಳುಕಿದ ಪಾದಕ್ಕೆ ಬ್ರಾಂಡಿ ಉಜ್ಜಿಕೊಳ್ಳುತ್ತಿದ್ದ. ಎಣ್ಣೆ ಮಿಲ್ಲಿನ ಕಡೆಯಿಂದ ಬರುತ್ತಿದ್ದ ಶೇಂಗಾ ಹಿಂಡಿಯ ವಾಸನೆಗೆ ಆ ಘಾಟು ಸೇರಿತು. ನಾನು ಹತ್ತಬೇಕಿದ್ದ ಮೊಳಕಾಲ್ಮೂರು ಬಸ್ಸು ಹೊರಟುಹೋಯಿತು... ನಾನು ನಿಂತೇ ಇದ್ದೆ.

ವರ್ಷಗಳ ಹಿಂದೆ ನಮ್ಮ ಪಕ್ಕದ ಮನೆಯ ಅಣ್ಣನ ಮೈಯಿಂದ ಬರುತ್ತಿದ್ದದ್ದು ಇದೇ ವಾಸನೆ. ಹಗಲು ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಸಂಜೆ ನಮ್ಮ ಕಬಡ್ಡಿ ತಂಡದ ರೈಡರ್. ಒಂದೇ ಉಸಿರಿನಲ್ಲಿ ‘ಕಬಡ್ಡಿ, ಕಬಡ್ಡಿ’ ಎನ್ನುತ್ತ ಎದುರಾಳಿಗಳ ಮೂಲೆ ಮುಟ್ಟಿ ಬರುವುದರಲ್ಲಿ ತಾಲ್ಲೂಕಿನಲ್ಲಿ ಅವನಿಗೆ ಸಾಟಿ ಇರಲಿಲ್ಲ. ಅವನಿಗೆ ಬೇಕಿದ್ದದ್ದು ಜಿಲ್ಲಾ ತಂಡದಲ್ಲಿ ಸ್ಥಾನ. ಬೇರೆ ಮಾತೇ ಆಡುತ್ತಿರಲಿಲ್ಲ.

ಉಳುಕಿಗೆ ಬ್ರಾಂಡಿ ಹಚ್ಚುವುದು ನಮ್ಮಲ್ಲಿ ವಾಡಿಕೆ. ಅಭ್ಯಾಸ ಮುಗಿದ ಮೇಲೆ ಮಿಲ್ಲಿನ ಹಮಾಲರೇ ಅವನ ಕಾಲು ನೀವುತ್ತಿದ್ದರು. ಬರಬರುತ್ತ ಹಚ್ಚುವುದು ಕಡಿಮೆಯಾಯಿತು, ಕುಡಿಯುವುದು ಹೆಚ್ಚಾಯಿತು.

“ಮೇಲೆ ಹಚ್ಚಿದ್ರೆ ಚರ್ಮಕ್ಕಷ್ಟೇ ಕಣ್ಲೇ. ಒಳಗಿಳಿದ್ರೆ ಮೂಳೆಗೇ ಮುಟ್ತೈತೆ” ಎನ್ನುತ್ತಿದ್ದ ಹಿರಿಯ ಹಮಾಲ.

“ಹಂಗಾದ್ರೆ ನಿಮ್ಮ ಮೂಳೆ ಕಬ್ಬಿಣ ಆಗಿರ್ಬೇಕಲ್ರಿ” ಎಂದು ಅಣ್ಣ ನಗುತ್ತಿದ್ದ. ಕುಡಿಯುತ್ತಿದ್ದ.

ನೋವು ಹೋಗುತ್ತಿರಲಿಲ್ಲ, ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಬಾವು ಇಳಿಯುವ ಮೊದಲೇ ಮತ್ತೆ ಅಂಕಣಕ್ಕೆ ಬರುತ್ತಿದ್ದ. ನಿದ್ದೆ ಕೆಡುತ್ತಿತ್ತು, ಬೆಳಿಗ್ಗೆ ನಾಲಗೆ ಒಣಗಿರುತ್ತಿತ್ತು. ಓಟದಲ್ಲಿ ಹೊಸಬರಿಗಿಂತ ಹಿಂದೆ ಬೀಳತೊಡಗಿದ. “ಬಿಸಿಲು ಕಣೋ” ಎನ್ನುತ್ತಿದ್ದ...

ಆಯ್ಕೆಯ ಪಂದ್ಯ ಮೊಳಕಾಲ್ಮೂರಿನಲ್ಲಿತ್ತು. ಅಂದು ಕಾಲು ಊರಲಾಗದೆ, ಬಸ್ಸು ಹತ್ತುವ ಮುನ್ನ ಬಾಟಲಿ ತೆಗೆದ. “ಇವತ್ತೊಂದಿನ ಬೇಡಣ್ಣ” ಎಂದೆ. “ಔಷಧಿ ಕಣೋ, ಸುಮ್ನಿರು” ಎಂದ.

ಮೊದಲ ರೈಡಿನಲ್ಲೇ ಮೂಲೆಯವರೆಗೆ ಹೋಗಿ ಒಬ್ಬನನ್ನು ಮುಟ್ಟಿದ. ತಿರುಗಿ ಬರುವಾಗ, ನಡುಗೆರೆ ಇನ್ನೇನು ಕೈಗೆ ಸಿಗುವಷ್ಟರಲ್ಲಿ, ಉಸಿರು ಕಡಿಯಿತು. ‘ಕಬಡ್ಡಿ’ ನಿಂತಿತು. ರೆಫರಿ ಸೀಟಿ ಊದಿ ಔಟ್ ಕೊಟ್ಟರು.

“ಏಮಣ್ಣಾ, ದಮ್ಮು ಚಳ್ಳಕೆರೆಯಾಗೇ ಬಿಟ್ಟು ಬಂದ್ಯಾ?” ಎಂದ, ಎದುರು ತಂಡದಲ್ಲಿದ್ದ ತೆಲುಗು ಮನೆಮಾತಿನ ನೇಕಾರರ ಹುಡುಗ.

ಅಣ್ಣ ಹೊರಗೆ ಕೂತು, ಮತ್ತೆ ಒಳಬರುವ ಅವಕಾಶ ಸಿಕ್ಕ ಕೂಡಲೇ ರೈಡಿಗೆ ತಾನೇ ಮುಂದಾದ. ನೆಗೆದು ಇಳಿಯುವಾಗ ಕಾಲು ತಿರುಚಿತು. ಅವನಿಗೆ ಅದು ತಿಳಿಯಲಿಲ್ಲ. ಅದೇ ಕಾಲಿನ ಮೇಲೆ ಇನ್ನೊಮ್ಮೆ ನೆಗೆದ. ಲಟಕ್ಕೆಂದದ್ದು ಗೆರೆಯಾಚೆ ಇದ್ದ ನಮಗೆಲ್ಲ ಕೇಳಿಸಿತು...

ಜಿಲ್ಲಾ ತಂಡಕ್ಕೆ ಬೇರೆಯವರು ಹೋದರು. ಚೀಲ ಹೊರುವುದೂ ನಿಂತಿತು. ಕುಡಿತ ನಿಲ್ಲಲಿಲ್ಲ. ಅವನ ಮಗ ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅಣ್ಣ ತೀರಿಕೊಂಡ.

ಭಾನುವಾರ ನಾನು ಮುಂದಿನ ಬಸ್ಸಿನಲ್ಲಿ ಮೊಳಕಾಲ್ಮೂರು ತಲುಪಿದಾಗ ಈ ವರ್ಷದ ಆಯ್ಕೆಯ ಪಂದ್ಯ ಅರ್ಧ ಮುಗಿದಿತ್ತು. ಚಳ್ಳಕೆರೆ ತಂಡದ ರೈಡರ್ ಈಗ ಆ ಮಗ. ಕೊನೆಯ ನಿಮಿಷಗಳಲ್ಲಿ ಅವನು ಕೈ ಎತ್ತಿ, “ಕಾಲು ನೋಯ್ತೈತ್ರಿ, ಆಗಲ್ಲ” ಎಂದು ತರಬೇತುದಾರರಿಗೆ ಹೇಳಿ ಹೊರಬಂದ. ತಂಡ ಸೋತಿತು. ಆಯ್ಕೆಯಾದವರ ಹೆಸರು ಇನ್ನೂ ಪ್ರಕಟವಾಗಿಲ್ಲ.