ಸರಾಸರಿಗಿಂತ ಮೇಲಿದ್ದ ಡಾಕ್ಟರಮ್ಮ

ಆರೋಗ್ಯ ಇಲಾಖೆಯಿಂದ ಬಂದ ಹಾಳೆಯಲ್ಲಿ ಎರಡೇ ಗೆರೆಗಳಿದ್ದವು. ಕೆಳಗಿನದು ದೇಶದ ಸರಾಸರಿ, ಮೇಲಿನದು ಡಾಕ್ಟರಮ್ಮನದು. ಆಂಟಿಬಯಾಟಿಕ್ ಬರೆಯುವುದರಲ್ಲಿ ಅವರು ದೇಶವನ್ನೇ ಹಿಂದೆ ಹಾಕಿದ್ದರು.

"ಒಂದರಲ್ಲಾದರೂ ಮುಂದಿದೀವಲ್ಲ, ಬಿಡಿ," ಎಂದರು ಕಾಂಪೌಂಡರ್. ಬೀದಿಗೆಲ್ಲ ಅವರು ಮಾವ, ಡಾಕ್ಟರಮ್ಮನಿಗೂ.

ಡಾಕ್ಟರಮ್ಮನಿಗೆ ನಗು ಬರಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಗೊತ್ತಿಲ್ಲದೆ ಬರೆದದ್ದೇನಲ್ಲ. ಮಕ್ಕಳ ಜ್ವರ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಎರಡು ದಿನ ಕಾದು, ಇಳಿಯದಿದ್ದರೆ ಬರೆದರಾಯಿತು. ಆದರೆ ಕಾದು ನೋಡಬೇಕಾದರೆ ಮಗು ಮತ್ತೆ ಬರಬೇಕಲ್ಲ? ಈ ಬೀದಿಯಲ್ಲಿ ಅರ್ಧಕ್ಕರ್ಧ ಜನ ಬಟ್ಟೆ ಕಾರ್ಖಾನೆಯವರು. ಕ್ಲಿನಿಕ್ಕು ತೆರೆಯುವ ಮೊದಲೇ ಕೆಲಸಕ್ಕೆ ಹೋಗಿರುತ್ತಿದ್ದರು, ಅವರು ಹೊರಬರುವಷ್ಟರಲ್ಲಿ ಮಾವ ಬಾಗಿಲೆಳೆದಿರುತ್ತಿದ್ದರು. ಅತ್ತು ಕರೆದು ಒಂದು ರಜೆ ಹಾಕಿ ಬಂದವರಿಗೆ "ಮತ್ತೆ ಬಾ" ಎಂದರೆ ಗೋಡೆಗೆ ಹೇಳಿದಂತೆ. ಕಫ ಎದೆಗಿಳಿದರೆ ಏನು ಗತಿ ಎಂದು ಹೆದರಿ, ಡಾಕ್ಟರಮ್ಮ ಮೊದಲ ಸಲವೇ ಬರೆದುಬಿಡುತ್ತಿದ್ದರು. ಈಗೀಗ ಆ ಔಷಧಿಗಳೂ ಮೊದಲಿನಂತೆ ನಾಟುತ್ತಿರಲಿಲ್ಲ. ಹಾಳೆಗಿಂತ ಅದೇ ಅವರನ್ನು ಕೊರೆಯುತ್ತಿತ್ತು.

ಆ ಬೆಳಿಗ್ಗೆಯೇ ಗುಂಡಿ ಹೊಲಿಯುವ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಬಂದಳು. ಮಗುವಿನ ಮೈ ಕಾದ ಹಂಚಿನಂತಿತ್ತು.

"ಗಂಟಲು ಸ್ವಲ್ಪ ಕೆಂಪಗಿದೆ, ಅಷ್ಟೇ. ಎದೆ ಚೆನ್ನಾಗಿದೆ. ಬರೀ ಜ್ವರದ ಔಷಧಿ ಸಾಕು. ಗುರುವಾರ ಕರ್ಕೊಂಡು ಬಾ."

"ಗುರುವಾರನಾ? ನಮ್ಮ ಸೂಪರ್‌ವೈಸರ್ ಏನು ನಿಮ್ಮ ತಮ್ಮನಾ, ಕೇಳಿದಾಗೆಲ್ಲ ರಜೆ ಕೊಡೋಕೆ? ಯಾವಾಗ್ಲೂ ಕೊಡೋದನ್ನೇ ಬರೀರಿ ಡಾಕ್ಟರಮ್ಮ, ಪುಣ್ಯ ಬರುತ್ತೆ."

ಪೆನ್ನಿನ ಮೊನೆ ಚೀಟಿಯ ಮೇಲೆ ನಿಂತಿತ್ತು. ಬರೆದರೆ ಒಂದು ಗಳಿಗೆಯ ಕೆಲಸ. ಬರೆಯದೆ, ಇವಳು ಬಾರದೆ, ಮಗುವಿಗೆ ಹೆಚ್ಚುಕಡಿಮೆಯಾದರೆ?

"ಕೆಲಸ ಬಿಟ್ಟ ಮೇಲೆ ಬಾ. ನಾನು ಕೂತಿರ್ತೀನಿ."

ಮಾವ ತಲೆಯೆತ್ತಿದರು. "ನಾನೂನಾ?"

"ನೀವೂನು, ಮಾವ."

ಗುರುವಾರ ಕಾರ್ಖಾನೆಯ ಸೈರನ್ ಕೂಗಿ ಬೀದಿ ತುಂಬಿತು, ಮೆಲ್ಲಗೆ ಖಾಲಿಯೂ ಆಯಿತು. ಅವಳ ಸುಳಿವಿಲ್ಲ. ಡಾಕ್ಟರಮ್ಮ ಒಂದೇ ಸ್ಟೆತಸ್ಕೋಪನ್ನು ಮೂರು ಸಲ ಒರೆಸಿದರು. ಮನೆ ಎಲ್ಲಿ ಎಂದಾದರೂ ಕೇಳಿಟ್ಟುಕೊಳ್ಳಬೇಕಿತ್ತು. ಹೊರಗೆ ಬೆಂಚಿನ ಮೇಲೆ ಮಾವ ಕೂತಲ್ಲೇ ತೂಕಡಿಸುತ್ತಿದ್ದರು.

ಕೊನೆಗೂ ಅವಳು ಏದುಸಿರು ಬಿಡುತ್ತ ಬಂದಳು. ಸೊಂಟದ ಮೇಲಿದ್ದ ಮಗು ಡಾಕ್ಟರಮ್ಮನ ಕನ್ನಡಕಕ್ಕೇ ಕೈ ಹಾಕಿತು. ಮೈ ತಣ್ಣಗಿತ್ತು. ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಉಸಿರು ಹಗುರವಾಗಿ ಹೋಗಿ ಬರುತ್ತಿತ್ತು. ಅವರ ಹೆಗಲು ಸಡಿಲವಾಯಿತು.

"ಜ್ವರ ಬಿಟ್ಟಿದೆ. ಏನೂ ಬೇಡ."

"ಏನೂ ಬೇಡ ಅನ್ನೋಕೆ ನನ್ನ ಇಷ್ಟು ದೂರ ಓಡಿಸಿದ್ರಾ?" ಅವಳು ಮುಖ ಗಂಟಿಕ್ಕಿದಳು. "ಒಂದು ಟಾನಿಕ್ಕಾದ್ರೂ ಬರೀರಿ. ಬರಿಗೈಲಿ ಹೋದ್ರೆ ನಮ್ಮತ್ತೆ ಸುಮ್ನಿರ್ತಾರಾ?"

"ನಿಮ್ಮತ್ತೆಗೆ ಬೇಕಿದ್ರೆ ಅವರನ್ನೇ ಕಳಿಸು."

ಅವಳು ನಕ್ಕುಬಿಟ್ಟಳು. ಮಗುವನ್ನು ಇನ್ನಷ್ಟು ಒತ್ತಿಕೊಂಡು ಬಾಗಿಲು ತೆರೆದಳು. ಹೊರಗೆ ಬೆಂಚು ತುಂಬಿತ್ತು. ಕೆಮ್ಮುವವರು, ಹೊಟ್ಟೆ ಹಿಡಿದುಕೊಂಡವರು, ಮಡಿಲಲ್ಲಿ ಕೂಸಿದ್ದವರು. ಮಾವ ಗೋಡೆಗೊರಗಿ ನಿಂತಿದ್ದರು, ಕೂರಲು ಜಾಗವಿರಲಿಲ್ಲ.

"ಡಾಕ್ಟರಮ್ಮ ಸಾಯಂಕಾಲ ಕೂರ್ತಾರೆ ಅಂತ ನಾನೇ ಬೀದಿಗೆಲ್ಲ ಹೇಳ್ದೆ. ಎಲ್ಲ ಮನೆಗೆ ಹೋಗಿ ಮುಖ ತೊಳ್ಕೊಂಡು ಬಂದಿದಾರೆ. ಒಳ್ಳೇದಾಯ್ತಲ್ಲ?"

ಡಾಕ್ಟರಮ್ಮ ಕೈ ತೊಳೆದುಕೊಂಡು ಗಂಡನಿಗೆ ಫೋನ್ ಮಾಡಿದರು.

"ನೀವು ಊಟ ಮಾಡಿಬಿಡಿ. ಇಲ್ಲ, ಇವತ್ತೊಂದಿನ ಅಲ್ಲ. ಇನ್ಮೇಲೆ ಹೀಗೇನೇ."