ಹೇಳದೆ ಟಿಕ್ ಹಾಕಿದ ಮಾತು

ಮೂರು ವರ್ಷಗಳ ಹಿಂದೆ ನಾನು ಅಂಕೋಲೆ ಬಳಿಯ ಕೇಣಿಯ ಒಂದು ಮೀನಿನ ಬೋಟಿನಲ್ಲಿ ಬಲೆ ಎಳೆಯುವ ಕೆಲಸದಲ್ಲಿದ್ದೆ. ಈಗಲೂ ಅದೇ ಕೆಲಸ. ಓದಿದ್ದು ಏಳನೆಯ ಇಯತ್ತೆ. ತಂಗಿ ನಾಗವೇಣಿಗೆ ಆಗ ಹನ್ನೊಂದು. ಅವಳಿಗೆ ಆಟಿಸಂ ಇದೆ. ನಾನು ಮನೆ ಬಿಟ್ಟರೆ ಗೇಟು ಹಿಡಿದು ನಿಲ್ಲುತ್ತಿದ್ದಳು. ಊಟವಿಲ್ಲ, ಶಾಲೆಯಿಲ್ಲ.

ಕಾರವಾರದ ಥೆರಪಿ ಮೇಡಂ ಸಿಬಿಟಿ ಎಂಬ ಮನಸ್ಸಿನ ಚಿಕಿತ್ಸೆ ಶುರು ಮಾಡಿದರು. ಭಯದ ಹಿಂದಿನ ವಿಚಾರ ಹಿಡಿಯುವುದು, ಅದು ನಿಜವೇ ಎಂದು ಸಾಕ್ಷಿ ನೋಡುವುದು, ಆಮೇಲೆ ಸಣ್ಣ ಸಣ್ಣ ಮೆಟ್ಟಿಲು ಹತ್ತುವುದು. ಮಾತು ಕಡಿಮೆಯಿರುವ ನಾಗವೇಣಿಗೆ ಚಿತ್ರದ ಕಾರ್ಡು, ಭಯ ಎಷ್ಟೆಂದು ತೋರಿಸಲು ಸೊನ್ನೆಯಿಂದ ಹತ್ತರವರೆಗಿನ ಪಟ್ಟಿ. ಮೂರನೆಯ ಭೇಟಿಯಲ್ಲಿ ಅವಳ ವಿಚಾರ ಸಿಕ್ಕಿತು: "ಅಣ್ಣ ಬತ್ತೆ ಅಂದ. ಬರಲಿಲ್ಲ. ಮುಳುಗಿದ."

ನಮ್ಮಲ್ಲಿ ಹೊರಡುವವರು 'ಹೋಗ್ತೆ' ಅನ್ನುವುದಿಲ್ಲ, ಬರುತ್ತೇನೆ ಎಂಬರ್ಥದಲ್ಲಿ 'ಬತ್ತೆ' ಅನ್ನುತ್ತಾರೆ. ನಾಗವೇಣಿಗೆ ಬತ್ತೆ ಅಂದವ ಆಗಲೇ ಬರಬೇಕು. ಮೇಡಂ ಒಂದು ಹಾಳೆ ಕೊಟ್ಟರು. ದಿನಾ 'ಹೋಗ್ತೆ, ಇಷ್ಟು ಗಂಟೆಗೆ ಬತ್ತೆ' ಎಂದು ಹೇಳಿ ನಾನು ಟಿಕ್ ಹಾಕಬೇಕು.

ಮೊದಲ ದಿನವೇ ಆಯಿ, ನಮ್ಮಮ್ಮ, ತಡೆದಳು. "ಕಡ್ಲಿಗೆ ಹೊರಟವ ಹೋಗ್ತೆ ಹೇಳೂದಾ? ಆ ಮೇಡಂ ಬೋಟಿಗೆ ಬತ್ತಾಳಾ ನಿನ್ನ ಕಾಯೂಕೆ?"

ನಕ್ಕೆ. ಆದರೆ ಹೆದರಿದ್ದು ನಾನೇ. ಬತ್ತೆ ಎಂದೇ ಹೊರಟೆ, ಹಾಳೆಯಲ್ಲಿ ಟಿಕ್ ಹಾಕಿದೆ. ಹೀಗೇ ನಾಲ್ಕು ವಾರ ಹಾಕಿದೆ.

ಟಿಕ್ ನೋಡಿ ಮೇಡಂ ಮುಂದಿನ ಮೆಟ್ಟಿಲಿಗೆ ಹೋದರು: ಅವಳನ್ನು ಅವರ ಕೋಣೆಯಲ್ಲಿ ಬಿಟ್ಟು ನಾನು ಅರ್ಧ ಗಂಟೆ ಹೊರಗಿರಬೇಕು. ಬಾಗಿಲಲ್ಲಿ ನಾಲಿಗೆ ತಾನಾಗಿ 'ಬತ್ತೆ' ಅಂದಿತು. ತಿರುಗಿ ಬಂದಾಗ ಅವಳ ಮುಂಗೈಯಲ್ಲಿ ಅವಳದೇ ಹಲ್ಲಿನ ಗುರುತು, ರಕ್ತ. "ನಾನೇ ಅವಸರ ಮಾಡಿದೆ" ಎಂದು ಮೇಡಂ ತಮ್ಮನ್ನೇ ಬೈದುಕೊಂಡರು. ನಾನು ಟಿಕ್ಕಿನ ಹಾಳೆ ಮಡಚಿ ಜೇಬಿಗಿಟ್ಟೆ. ಅಂಕೋಲೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ನನ್ನ ಶರ್ಟಿನ ತುದಿ ಬಿಡಲಿಲ್ಲ.

ಮುಂದಿನ ವಾರ ನಿಜ ಹೇಳಿದೆ. ಮೇಡಂ ಹಾಳೆಯ ಟಿಕ್ಕುಗಳ ಮೇಲೆಲ್ಲ ಗೆರೆ ಎಳೆದರು. "ದಿನಾ ನೀನು ಬತ್ತೆ ಅಂದೆ, ಆಗಲೇ ಬರಲಿಲ್ಲ. ನಾಲ್ಕು ವಾರ ಅವಳಿಗೆ ಸಿಕ್ಕಿದ ಸಾಕ್ಷಿಯೆಲ್ಲ ಭಯದ ಬದಿಗೇ ಇತ್ತಲ್ಲ, ತಮ್ಮಾ."

ಮರುದಿನ ಆಯಿಗೆ ಕೇಳುವಂತೆಯೇ ಹೇಳಿದೆ: "ಹೋಗ್ತೆ. ಸಂಜೆ ಆರು ಗಂಟಿಗೆ ಬತ್ತೆ. ತಡ ಆದ್ರೆ ಫೋನ್ ಮಾಡ್ತೆ."

ನಾಗವೇಣಿ ಗಡಿಯಾರ ನೋಡಿದಳು. "ಹೋಗು," ಅಂದಳು.

ಆಯಿ ಪಾತ್ರೆ ಕುಕ್ಕಿದ ಸದ್ದು ಬೋಟಿನವರೆಗೂ ನನ್ನ ಹಿಂದೆಯೇ ಬಂತು. ಅಂದು ಬಲೆಗಿಂತ ಹೆಚ್ಚಾಗಿ ಗಂಟೆ ನೋಡಿದೆ. ಹತ್ತು ನಿಮಿಷ ಮೊದಲೇ ಮನೆ ಮುಟ್ಟಿದವನು ಹೇಳಿದ ಗಂಟೆ ತಪ್ಪೀತೆಂದು ಒಳಗೆ ಹೋಗಲು ಧೈರ್ಯವಾಗದೆ, ಆರಾಗುವ ತನಕ ರಸ್ತೆಯಲ್ಲೇ ನಿಂತೆ.

ಹಾಳೆ ತುಂಬುವುದು ಸಣ್ಣ ಕೆಲಸವೆಂದು ತಿಳಿದಿದ್ದೆ. ಆ ಟಿಕ್ಕನ್ನು ನಂಬಿಯೇ ಒಂದು ಮಗುವನ್ನು ಮುಂದಿನ ಮೆಟ್ಟಿಲು ಹತ್ತಿಸುತ್ತಾರೆ ಎಂಬುದು ನನಗೆ ಗೊತ್ತಾದದ್ದು ಅವಳ ಕೈ ನೋಡಿದ ಮೇಲೆ.