ಅಜ್ಜಿ ಊರು ನೋಡಲು ಹೊರಟದ್ದು

ಅವು, ನಮ್ಮ ಸೀಮೆಯಲ್ಲಿ ಮನುಷ್ಯರಿಗಿಂತ ಮೊದಲು ಹುಳುಗಳಿಗೆ ಊಟವಾಗುತ್ತಿದ್ದ ದಿನಗಳು. ರೇಷ್ಮೆಗೂಡಿಗೆ ಒಳ್ಳೆಯ ಬೆಲೆ. ನಮ್ಮೂರು ದೊಡ್ಡಆಲಹಳ್ಳಿಯ ಸುತ್ತ ಎಲ್ಲಿ ನೋಡಿದರೂ ಹಿಪ್ಪುನೇರಳೆಯ ಹಸಿರು. ನಮ್ಮ ನಡುಮನೆಯೇ ಹುಳದ ಮನೆ. ಮಧ್ಯಾಹ್ನ ಅಲ್ಲೇ ಬಾಗಿಲ ಪಕ್ಕ ಚಾಪೆ ಹಾಕಿ ಮಲಗಿದರೆ, ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆಮಳೆಯಂತೆ ಕೇಳಿಸಿ ಕಣ್ಣೆಳೆಯುತ್ತಿತ್ತು.

ಮಾಗಡಿಯಿಂದ ಮದುವೆಯಾಗಿ ಬಂದ ಅಜ್ಜಿ ಆ ಹುಳುಗಳಿಗೇ ಕಟ್ಟುಬಿದ್ದಿದ್ದಳು. ಯಾರಾದರೂ ಕರೆದರೆ, "ಹುಳ ಬುಟ್ಟು ಎಲ್ಗವ್ವ ಬರಾನ?" ಎನ್ನುತ್ತಿದ್ದಳು. ನನಗೆ ಒಂಬತ್ತು ವರ್ಷವಿದ್ದಾಗ ಅವಳ ಕಣ್ಣು ಮಸುಕಾಯಿತು. ಕನಕಪುರದ ಡಾಕ್ಟರು, ಇದು ಪೊರೆಯಲ್ಲ, ನರದ ತೊಂದರೆ, ನೋಟ ಉಳಿಯುವುದು ಕಷ್ಟ ಎಂದರು. ಅಪ್ಪ ಮನೆಗೆ ಬಂದು ಜಗಲಿಯ ಮೇಲೆ ಕೂತು ಟವಲಿನಿಂದ ಕಣ್ಣೊರೆಸಿಕೊಂಡ. ಅಜ್ಜಿಯೇ ಹೇಳಿದಳು: "ಅಳಬ್ಯಾಡ ಕಣ್ಲಾ. ಬೆಳಕಿರೋವಾಗ್ಲೇ ನಮ್ ಸೀಮೆ ಊರ್ಗಳ್ನ ಒಸಿ ತೋರ್ಸ್‌ಬುಡು."

ಗೂಡು ಬಿಡಿಸಿ, ಮನೆ ತೊಳೆದು, ಮುಂದಿನ ಹುಳ ಬರುವ ಮುಂಚಿನ ಬಿಡುವಿನಲ್ಲಿ ನಾವು ಮೂವರೂ ಹೊರಟೆವು. ಕನಕಪುರದಲ್ಲಿ ದೋಸೆ ತಿಂದು ರಾಮನಗರದ ಬಸ್ಸು ಹತ್ತಿದೆವು. ಊರು ಹತ್ತಿರವಾದಂತೆ, ಗೂಡು ಬೇಯುವ ಕಮಟು ವಾಸನೆ ಕಿಟಕಿಯಿಂದ ಒಳಬಂತು. ನಮ್ಮ ಗೂಡು ಕೊಳ್ಳುತ್ತಿದ್ದ ಸಾಹೇಬರ ಮನೆಯಲ್ಲಿ ಅವರ ಹೆಂಡತಿ ಜುಬೇದಮ್ಮ ಬಿಸಿನೀರಿನಿಂದ ನೂಲೆತ್ತುತ್ತಿದ್ದರು. ಒಂದು ಎಳೆಯನ್ನು ಅಜ್ಜಿಯ ಅಂಗೈ ಮೇಲೆ ಇಟ್ಟರು. ಅಜ್ಜಿ ಕೈಯನ್ನು ಮುಖದ ಹತ್ತಿರ ತಂದಳು, ದೂರ ಹಿಡಿದಳು.

"ಕಾಣಾಕಿಲ್ವಲ್ಲವ್ವ."

"ನಮಗೂ ಕಾಣಲ್ಲಮ್ಮ," ಜುಬೇದಮ್ಮ ನಕ್ಕರು. "ಇಷ್ಟು ಸಣ್ಣ ಎಳೆ ಬೆರಳಿಗೇ ಗೊತ್ತಾಗೋದು."

ಅಜ್ಜಿ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. "ಐತೆ, ಐತೆ!" ಎಂದು ಕೂಗಿದಳು. ಅಷ್ಟು ವರ್ಷ ಹುಳ ಸಾಕಿದವಳು ಅವತ್ತೇ ಮೊದಲ ಸಲ ನೂಲು ಮುಟ್ಟಿದ್ದು.

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಓಣಿಯಿಡೀ ಅರಗಿನ ಘಮ. ತಿರುಗುವ ಮರಕ್ಕೆ ಕೆಂಪು ಬಣ್ಣ ಹತ್ತುವುದನ್ನು ನಾನು ಬಾಯಿಬಿಟ್ಟು ನೋಡುತ್ತಿದ್ದೆ. ಅಜ್ಜಿ ಇನ್ನೂ ಬೆಚ್ಚಗಿದ್ದ ಬುಗುರಿಯನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು.

"ಯಾಕಜ್ಜಿ ಮುಚ್ಕೊಂಡೆ? ನೋಡಾಕೆ ತಾನೆ ಬಂದಿದ್ದು?"

"ಕಲ್ತ್ಕತಾ ಇವ್ನಿ ಕಣ್ ಮಗ," ಎಂದಳು.

ಮಾರನೆಯ ದಿನ ಮಾಗಡಿಯ ದಾರಿ. ಅವಳ ತವರಿನ ಸೀಮೆ. ತಿರುವೊಂದರಲ್ಲಿ ಸಾವನದುರ್ಗ ಇಡಿಯಾಗಿ ಎದುರು ನಿಂತಿತು. ಎಳೆಬಿಸಿಲಲ್ಲಿ ಬೂದು ಬಂಡೆ, ನೆತ್ತಿಯ ಮೇಲೆ ಹತ್ತಿಯಂಥ ಮೋಡ. ಅಜ್ಜಿ ರೆಪ್ಪೆ ಬಡಿಯದೆ ನೋಡಿದಳು. ಕಣ್ಣಲ್ಲಿ ನೀರು ತುಂಬಿದರೂ ಒರೆಸಿಕೊಳ್ಳಲಿಲ್ಲ.

"ಇದ್ನ ಮುಟ್ಟಿ ತಿಳ್ಕಳಾಕಾಗಾಕಿಲ್ಲ," ಎಂದಳು. "ಇದ್ನ ನೋಡೇ ಇಟ್ಕಬೇಕು."

ಮುಂದಿನ ಮಳೆಗಾಲದ ಹೊತ್ತಿಗೆ ಕತ್ತಲೆ ಪೂರ್ತಿಯಾಯಿತು. ಆಮೇಲೂ ಅವಳು ಬಹಳ ವರ್ಷ ಬದುಕಿದಳು. ಸೊಪ್ಪು ಎಳಸೋ ಬಲಿತದ್ದೋ ಬೆರಳಲ್ಲೇ ಮುಟ್ಟಿ ಹೇಳುತ್ತಿದ್ದಳು. ಜಗಲಿಯಲ್ಲಿ ಕೂತು, "ಬೆಟ್ಟದ ಮ್ಯಾಲೆ ಇವತ್ತು ಮೋಡ ಇರ್ತದೆ," ಎನ್ನುತ್ತಿದ್ದಳು.

ನಿಮ್ಮ ಕಡೆ ನೋಡುವಂಥ ಊರು ಯಾವುವು ಎಂದು ಯಾರಾದರೂ ಕೇಳಿದರೆ ನಾನು ಅವಳ ದಾರಿಯನ್ನೇ ಹೇಳುತ್ತೇನೆ: ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ. ಬಸ್ಸಿನಲ್ಲಿ ಹೋಗಿ, ಓಣಿಯೊಳಗೆ ನಡೆಯಿರಿ. ಈಗ ಮನೆಮನೆಯಲ್ಲಿ ನೂಲೆತ್ತುವುದಿಲ್ಲ. ನಮ್ಮ ನಡುಮನೆಯಲ್ಲೂ ಹುಳವಿಲ್ಲ; ಅಲ್ಲಿ ಮಲಗಿದರೆ ಫ್ಯಾನಿನ ಸದ್ದು. ಮೊನ್ನೆ ಕಾರಿನಲ್ಲಿ ಗಾಜು ಏರಿಸಿಕೊಂಡು ಹೊಸ ಹೆದ್ದಾರಿಯಲ್ಲಿ ಮೈಸೂರಿಗೆ ಹೋದೆ. ನನ್ನ ಎರಡು ಕಣ್ಣೂ ಚೆನ್ನಾಗಿಯೇ ಇವೆ. ಚನ್ನಪಟ್ಟಣ ಯಾವಾಗ ದಾಟಿತೋ ತಿಳಿಯಲಿಲ್ಲ.